ಡಿಸ್ಪೇಸ್, ಇಪ್ರಿಂಟ್ಸ್: ಕನ್ನಡ ಪ್ರಬಂಧಗಳನ್ನು ಏರಿಸಿ ನೋಡಿದಾಗ

ವಿಶ್ವವಿದ್ಯಾಲಯದ ಸಂಶೋಧನೆಗೆ ಡಿಜಿಟಲ್ ಭಂಡಾರ ಕಟ್ಟಬೇಕೆಂದರೆ ಮೊದಲು ಕಿವಿಗೆ ಬೀಳುವುದು ಎರಡು ತಂತ್ರಾಂಶಗಳ ಹೆಸರು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ 2000ರಲ್ಲಿ ಹುಟ್ಟಿದ ಇಪ್ರಿಂಟ್ಸ್ ಒಂದು, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಕಂಪ್ಯೂಟರ್ ಕಂಪನಿ ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಡಿಸ್ಪೇಸ್ ಇನ್ನೊಂದು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಲೇಖನಗಳಿಗೆ ಇಪ್ರಿಂಟ್ಸ್ ಬಳಸಿತು, ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಒಂದೆಡೆ ಇಡುವ ಶೋಧಗಂಗಾ ಜಾಲತಾಣ ನಿಂತಿರುವುದು ಡಿಸ್ಪೇಸ್ ಮೇಲೆ. ಧಾರವಾಡದ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವ ನಾನು ಎರಡನ್ನೂ ಕಂಪ್ಯೂಟರಿನಲ್ಲಿ ಹಾಕಿ, ಅವೇ ಪ್ರಬಂಧಗಳನ್ನು ಎರಡಕ್ಕೂ ಏರಿಸಿದೆ. ಹೆಚ್ಚಿನವು ಕನ್ನಡದವು: ವಚನ, ಜಾನಪದ, ಗ್ರಾಮಾಧ್ಯಯನ.

ಕಂಪ್ಯೂಟರಿನಲ್ಲಿ ಹಾಕುವ ಕೆಲಸದಲ್ಲಿ ಇಪ್ರಿಂಟ್ಸ್ ಹಗುರ. ಪರ್ಲ್, ಅಪಾಚೆ, ಮೈಎಸ್‌ಕ್ಯೂಎಲ್ ಎಂಬ ಪೂರಕ ತಂತ್ರಾಂಶಗಳು ಇದ್ದರಾಯಿತು, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. 2021ರಲ್ಲಿ ಬಂದ ಏಳನೇ ಆವೃತ್ತಿಯಿಂದ ಡಿಸ್ಪೇಸ್‌ಗೆ ಜಾವಾ, ಪೋಸ್ಟ್‌ಗ್ರೆಸ್, ಸೋಲರ್, ನೋಡ್ ಎಂಬ ಪೂರಕ ತಂತ್ರಾಂಶಗಳೆಲ್ಲವೂ ಬೇಕು. ಮೆಮೊರಿ ಸಾಲದಿದ್ದರೆ ಪುಟ ತೆರೆಯುವುದಕ್ಕೇ ತಡವರಿಸುತ್ತದೆ. ಅಧ್ಯಾಪಕರು ತಾವೇ ಲೇಖನ ಸೇರಿಸುವ ದಾರಿಯೂ ಇಪ್ರಿಂಟ್ಸ್‌ನಲ್ಲಿ ನೇರವಾಗಿದೆ. ಹೊಸಬರಿಗೂ ಅದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ.

ಆದರೆ ನನಗೆ ಮುಖ್ಯವಾದದ್ದು ಕನ್ನಡದ ಹುಡುಕಾಟ. "ಮೇಡಂ, ನನ್ನ ಥೀಸಿಸ್ ಹುಡುಕಿದ್ರ ಸಿಗವಲ್ದು" ಅಂತ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದಳು. ಅವಳ ಪಿಡಿಎಫ್ ತೆರೆದರೆ ಅಚ್ಚುಕಟ್ಟಾದ ಕನ್ನಡ. ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ! ಯೂನಿಕೋಡ್ (ಪ್ರತಿ ಕನ್ನಡ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಸ್ವಂತ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಾದದ್ದು ಅದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ರೋಮನ್. ಇಲ್ಲಿ ಎರಡೂ ತಂತ್ರಾಂಶ ಸೋತವು, ಸೋಲಲೇಬೇಕು. ಮೂಲ ವರ್ಡ್ ಫೈಲ್ ಇದ್ದರೆ ಯೂನಿಕೋಡಿಗೆ ಬದಲಿಸಿ ಹೊಸ ಪಿಡಿಎಫ್ ಮಾಡುವುದೇ ಉತ್ತಮ. ಇಲ್ಲದಿದ್ದರೆ ಟೆಸರಾಕ್ಟ್‌ನ ಕನ್ನಡ ಓಸಿಆರ್ (ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ವಿಧಾನ) ಇದೆ, ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕು.

ಯೂನಿಕೋಡ್ ಆದಮೇಲೂ ವಿಭಕ್ತಿ ಪ್ರತ್ಯಯಗಳ ತೊಡಕು ಬಾಕಿ. "ಗದಗ" ಎಂದು ಹುಡುಕಿದರೆ "ಗದಗಿನ" ಬರುವುದಿಲ್ಲ. ಡಿಸ್ಪೇಸ್‌ನಲ್ಲಿ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಎರಡೂ ಸಿಗುತ್ತವೆ. ಇದನ್ನು ಓದುಗರಿಗೆ ಹೇಳಿಕೊಡಲೇಬೇಕು. ಇನ್ನೊಂದು ಅನುಕೂಲ, ಡಿಸ್ಪೇಸ್‌ನಲ್ಲಿ ಪ್ರತಿ ಶೀರ್ಷಿಕೆಗೂ ಅದು ಯಾವ ಭಾಷೆಯದೆಂದು ಗುರುತು ಹಾಕಬಹುದು. ಕನ್ನಡ ಹೆಸರು, ಇಂಗ್ಲಿಷ್ ಹೆಸರು ಎರಡೂ ಒಂದೇ ದಾಖಲೆಯಲ್ಲಿ ಇರುತ್ತವೆ. ಹೊರರಾಜ್ಯದವರೂ ನಮ್ಮ ಹುಡುಗರ ಕೆಲಸವನ್ನು ಕಾಣಬೇಕೆಂದರೆ ಇದು ಬೇಕೇ ಬೇಕು. ನಾನು ಡಿಸ್ಪೇಸ್ ಕಡೆ ವಾಲಿದ್ದು ಇದಕ್ಕೇ. ವಿಭಾಗ, ಅದರೊಳಗೆ ಸಂಗ್ರಹ ಎಂಬ ಅದರ ಜೋಡಣೆಯೂ ನಮ್ಮ ಆಡಳಿತಕ್ಕೆ ಒಗ್ಗುತ್ತದೆ.

ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್ ನಡೆಸುವ ಝೆನೊಡೊ ಎಂಬ ಆನ್‌ಲೈನ್ ಭಂಡಾರವನ್ನೂ ನೋಡಿದೆ. ಸರ್ವರ್ ಚಿಂತೆಯಿಲ್ಲ, ಡಿಒಐ (ದಾಖಲೆಯ ಕಾಯಂ ಗುರುತು ಸಂಖ್ಯೆ) ಉಚಿತ. ದತ್ತಾಂಶಕ್ಕೆ, ಕ್ಷೇತ್ರಕಾರ್ಯದ ಧ್ವನಿಮುದ್ರಣಕ್ಕೆ ಒಳ್ಳೆಯದು, ಇಡೀ ವಿಶ್ವವಿದ್ಯಾಲಯದ ಭಂಡಾರಕ್ಕೆ ಸಾಲದು.

ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಂಥ ಕಡೆ ಯಾರಾದರೂ ಕೇಳಿದರೆ ನಾನು ಡಿಸ್ಪೇಸ್ ಅನ್ನುತ್ತೇನೆ. ಒಬ್ಬರೇ ಸಿಬ್ಬಂದಿ ಇರುವ ಸಣ್ಣ ಕಾಲೇಜಿಗಾದರೆ ಇಪ್ರಿಂಟ್ಸ್ ಸಾಕು. ಎರಡರಲ್ಲೂ ಒಎಐ-ಪಿಎಂಎಚ್ ಎಂಬ ವಿವರ ಹಂಚುವ ವ್ಯವಸ್ಥೆ ಇರುವುದರಿಂದ ದಾಖಲೆಗಳ ವಿವರವನ್ನು ಬೇರೆ ಕಡೆಯವರು ಕೊಯ್ದುಕೊಳ್ಳಬಹುದು. ಡಿಸ್ಪೇಸ್ ಹಾಕುವವರು 123456789 ಎಂಬ ತಾತ್ಕಾಲಿಕ ಹ್ಯಾಂಡಲ್ ಸಂಖ್ಯೆಯಲ್ಲೇ (ದಾಖಲೆಯ ಕಾಯಂ ವಿಳಾಸದಲ್ಲಿ ಸೇರುವ ಸಂಖ್ಯೆ ಇದು) ಪ್ರಬಂಧ ಏರಿಸಲು ಶುರುಮಾಡಬೇಡಿ. ಸ್ವಂತ ಸಂಖ್ಯೆ ನೋಂದಾಯಿಸಿಕೊಂಡ ಮೇಲೆಯೇ ಮೊದಲ ದಾಖಲೆ ಸೇರಿಸಿ.