ನಮ್ಮ ಗೇಟಿನ ಆ್ಯಪ್: ಕೆಲಸ ಒಳ್ಳೆಯದು, ಪಟ್ಟಿ ಕೊಟ್ಟ ರೀತಿ ಒಳ್ಳೆಯದಲ್ಲ

ಬೆಂಗಳೂರಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘವು ಕಳೆದ ಹದಿನಾಲ್ಕು ತಿಂಗಳಿನಿಂದ ಗೇಟಿನ ನಿರ್ವಹಣೆಗೆ ಖಾಸಗಿ ಕಂಪನಿಯೊಂದರ ಆ್ಯಪ್ ಬಳಸುತ್ತಿದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾದ ದೋಷದಲ್ಲಿ ಹೆಚ್ಚಿನ ಪಾಲು ನಮ್ಮ ಸಂಘದ್ದೇ ಆಗಿದೆ, ಮತ್ತು ಇದೇ ಬಗೆಯ ಸೇವೆಯನ್ನು ಯಾವ ಕಂಪನಿಯಿಂದ ಪಡೆಯುವ ಸಂಘವಾದರೂ ಇದೇ ತಪ್ಪನ್ನು ಮಾಡಬಹುದು.

ಮೊದಲು ಆ್ಯಪ್‌ನ ಗುಣವನ್ನು ಹೇಳುವುದು ನ್ಯಾಯ. ಹಿಂದೆ ನಮ್ಮ ಗೇಟಿನಲ್ಲಿ ದಾರ ಕಟ್ಟಿದ ಪೆನ್ನಿನೊಂದಿಗೆ ಉದ್ದನೆಯ ರಿಜಿಸ್ಟರ್ ಇರುತ್ತಿತ್ತು. ಬಂದವರು ತೋಚಿದ ಹೆಸರು ಬರೆದು ಒಳಗೆ ಹೋಗುತ್ತಿದ್ದರು, ಮತ್ತು ಮುಂದೆ ಬರುವವರೆಲ್ಲರೂ ಹಿಂದೆ ಬಂದವರ ಮೊಬೈಲ್ ಸಂಖ್ಯೆಯನ್ನು ಓದಬಹುದಾಗಿತ್ತು. ಆದ್ದರಿಂದ ಹಳೆಯ ವ್ಯವಸ್ಥೆಯಲ್ಲಿ ಗೋಪ್ಯತೆ ಇತ್ತೆಂದು ನಾನು ಹೇಳಲಾರೆ. ಈಗ ಕಾವಲುಗಾರರು ಬಂದವರ ಫೋಟೊ ತೆಗೆದು ಮನೆಯ ಸಂಖ್ಯೆಯನ್ನು ಒತ್ತಿದರೆ ನಮಗೆ ಸೂಚನೆ ಬರುತ್ತದೆ; ನಾವು ಒಪ್ಪಿದ ಮೇಲೆಯೇ ಗೇಟು ತೆರೆಯುತ್ತದೆ. ಊರಿನಿಂದ ಬರುವ ನೆಂಟರಿಗೆ ಮುಂಚೆಯೇ ಪ್ರವೇಶದ ಸಂಖ್ಯೆಯನ್ನು ಕಳುಹಿಸಬಹುದು. ಮೇಂಟೆನೆನ್ಸ್ ಹಣ ಕಟ್ಟಿದ ರಸೀದಿ ಅಲ್ಲೇ ಸಿಗುತ್ತದೆ. ಒಂಟಿಯಾಗಿರುವ ಹಿರಿಯರಿಗೆ ತುರ್ತು ಕರೆಯ ಗುಂಡಿಯೊಂದಿದೆ. ನಮ್ಮ ಎದುರು ಮನೆಯ ಅಜ್ಜಿಗೆ ಅದು ಒಮ್ಮೆ ನಿಜವಾಗಿಯೂ ಉಪಯೋಗಕ್ಕೆ ಬಂದಿತು. ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಸಿಗದಿರುವುದನ್ನು ಬಿಟ್ಟರೆ ಗೇಟಿನ ಕೆಲಸದಲ್ಲಿ ನನಗೆ ದೂರಿಲ್ಲ.

ನನ್ನ ದೂರು ಇರುವುದು ನಮ್ಮ ಸದಸ್ಯರ ಪಟ್ಟಿ ಕಂಪನಿಯ ಕೈ ಸೇರಿದ ಬಗೆಯ ಬಗ್ಗೆ. ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ‘ಭದ್ರತಾ ವ್ಯವಸ್ಥೆಯ ಸುಧಾರಣೆ’ ಎಂಬ ಒಂದು ಸಾಲು ಮಾತ್ರ ಇತ್ತು. ಸಭೆ ಒಪ್ಪಿದ್ದು ಅಷ್ಟನ್ನೇ. ಅದಾದ ವಾರದೊಳಗೆ, ಸದಸ್ಯತ್ವದ ಅರ್ಜಿಗಳಿಂದ ಸಂಘವು ಸಿದ್ಧಪಡಿಸಿ ಇಟ್ಟುಕೊಂಡಿದ್ದ ಎಕ್ಸೆಲ್ ಪಟ್ಟಿಯನ್ನು ಸಮಿತಿಯವರು ಇದ್ದ ಹಾಗೆಯೇ ಕಂಪನಿಗೆ ಇ-ಮೇಲ್ ಮಾಡಿದರು. ಗೇಟಿನ ಕೆಲಸಕ್ಕೆ ಹೆಸರು, ಮನೆಯ ಸಂಖ್ಯೆ, ಮೊಬೈಲ್ ಸಂಖ್ಯೆ, ಹೆಚ್ಚೆಂದರೆ ವಾಹನದ ನೋಂದಣಿ ಸಂಖ್ಯೆ ಸಾಕು. ಹೋದ ಪಟ್ಟಿಯಲ್ಲಿ ಹುಟ್ಟಿದ ದಿನಾಂಕ, ಕೆಲಸ ಮಾಡುವ ಸಂಸ್ಥೆ, ತುರ್ತಿಗೆಂದು ಬರೆದುಕೊಟ್ಟ ಬಂಧುಗಳ ಫೋನ್ ಸಂಖ್ಯೆ, ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂಬ ವಿವರ ಎಲ್ಲವೂ ಇದ್ದವು. ತುಮಕೂರಿನಲ್ಲಿರುವ ನನ್ನ ಅಕ್ಕನಿಗೂ ನಮ್ಮ ಅಪಾರ್ಟ್‌ಮೆಂಟಿಗೂ ಏನು ಸಂಬಂಧ? ಆದರೂ ಅವರ ಸಂಖ್ಯೆ ನನ್ನ ಸಹಿಯ ಮೇಲೆ ಸಂಘಕ್ಕೆ ಬಂದು, ನನಗಾಗಲಿ ಅವರಿಗಾಗಲಿ ಒಂದು ಮಾತೂ ತಿಳಿಸದೆ ಮೂರನೆಯವರಿಗೆ ಹೋಯಿತು.

ನಂತರದ ತಿಂಗಳುಗಳಲ್ಲಿ ಮನೆಯ ಒಳಾಂಗಣ ವಿನ್ಯಾಸ, ಬಣ್ಣ ಬಳಿಯುವ ಸೇವೆ, ಗೃಹಸಾಲದ ವರ್ಗಾವಣೆ ಎಂದು ಕರೆಗಳು ಬರತೊಡಗಿದವು. ಇಂತಹ ಕರೆಗಳು ಯಾರಿಗೆ ಬರುವುದಿಲ್ಲ ಎಂದು ಸುಮ್ಮನಿದ್ದೆ. ಆದರೆ ಒಬ್ಬರು ನನ್ನ ಹೆಸರನ್ನು ತಪ್ಪು ಇನಿಷಿಯಲ್‌ನೊಂದಿಗೆ, ಬ್ಲಾಕ್ ಮತ್ತು ಮನೆಯ ಸಂಖ್ಯೆಯ ಸಮೇತ ಹೇಳಿದರು. ಆ ತಪ್ಪು ಇನಿಷಿಯಲ್ ಇರುವುದು ಸಂಘದ ಪಟ್ಟಿಯಲ್ಲಿ ಮಾತ್ರ. ಬ್ಯಾಂಕಿನಲ್ಲಾಗಲಿ ಆಧಾರ್‌ನಲ್ಲಾಗಲಿ ಇಲ್ಲ. ಪಟ್ಟಿ ಸೋರಿದ್ದು ಆ್ಯಪ್ ಕಂಪನಿಯಿಂದಲೇ ಎಂದು ನಾನು ಆರೋಪಿಸುತ್ತಿಲ್ಲ, ಏಕೆಂದರೆ ವಿಚಾರಿಸಿದಾಗ ಅದೇ ಪಟ್ಟಿ ಸೆಕ್ಯುರಿಟಿ ಏಜೆನ್ಸಿಯ ಬಳಿಯೂ, ಲೆಕ್ಕಪತ್ರ ನೋಡಿಕೊಳ್ಳುವ ಗುತ್ತಿಗೆದಾರರ ಬಳಿಯೂ ಇದೆಯೆಂದು ತಿಳಿಯಿತು. ಯಾರ ಬಳಿ ಯಾವ ಪ್ರತಿ ಇದೆಯೆಂಬ ದಾಖಲೆ ಕಾರ್ಯದರ್ಶಿಯವರಲ್ಲೂ ಇರಲಿಲ್ಲ. ಕರೆಗಿಂತ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ಇದೇ ಸಂಗತಿ.

ಕಂಪನಿಯ ಗ್ರಾಹಕ ಸೇವೆಗೆ ಬರೆದಾಗ ಎರಡನೇ ದಿನವೇ ಸೌಜನ್ಯದ ಉತ್ತರ ಬಂತು: ನಿಮ್ಮ ಮಾಹಿತಿಯನ್ನು ನಮಗೆ ಕೊಟ್ಟವರು ನಿಮ್ಮ ಸಂಘದವರು, ಅಳಿಸಬೇಕಾದರೆ ಅವರೇ ಕೇಳಬೇಕು. ಸಮಿತಿಯನ್ನು ಕೇಳಿದರೆ, ಮಾಹಿತಿ ಇರುವುದು ಕಂಪನಿಯ ಸರ್ವರ್‌ನಲ್ಲಿ, ನಾವೇನು ಮಾಡಲು ಸಾಧ್ಯ ಎಂಬ ಉತ್ತರ. ಇಬ್ಬರ ನಡುವೆ ಸದಸ್ಯನು ಚೆಂಡಿನಂತೆ ಓಡಾಡಬೇಕಾಯಿತು. ಈ ಗೊಂದಲಕ್ಕೆ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಮಾಹಿತಿಯನ್ನು ಯಾವ ಉದ್ದೇಶಕ್ಕೆ ಹೇಗೆ ಬಳಸಬೇಕೆಂದು ತೀರ್ಮಾನಿಸುವವರೇ ಅದಕ್ಕೆ ಹೊಣೆ. ಅವರ ಪರವಾಗಿ ಗುತ್ತಿಗೆದಾರರು ಮಾಡುವ ಕೆಲಸಕ್ಕೂ ಅವರೇ ಹೊಣೆ, ಮತ್ತು ಅಂತಹ ಗುತ್ತಿಗೆದಾರರನ್ನು ಸಿಂಧುವಾದ ಒಪ್ಪಂದದ ಮೂಲಕವೇ ನೇಮಿಸಿಕೊಳ್ಳಬೇಕು. ಕಾಯ್ದೆಯ ವ್ಯಾಖ್ಯೆಯಲ್ಲಿ ‘ವ್ಯಕ್ತಿ’ ಎಂದರೆ ನೋಂದಣಿಯಾದ ಅಥವಾ ಆಗದ ಸಂಘವೂ ಸೇರುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕಟ್ಟಳೆಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಭದ್ರತೆಯ ಲೋಪಕ್ಕೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದೆಂದು ಸಭೆಯೊಂದರಲ್ಲಿ ನಾನು ಹೇಳಿದಾಗ ನಮ್ಮ ಖಜಾಂಚಿಯವರು ಮೊದಲ ಬಾರಿಗೆ ಒಪ್ಪಂದದ ಪ್ರತಿಯನ್ನು ಹೊರತೆಗೆದರು. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತ ಮೊಕದ್ದಮೆಯ ಅರ್ಜಿದಾರರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಇದೇ ಬೆಂಗಳೂರಿನವರಾಗಿದ್ದರು ಎಂಬುದನ್ನು ಆ ಸಭೆಯಲ್ಲಿ ನಾನು ಅಭಿಮಾನದಿಂದಲೇ ನೆನಪಿಸಿದೆ.

ಒಪ್ಪಂದ ನಾಲ್ಕು ಪುಟದ್ದು. ಅದರಲ್ಲಿ ಶುಲ್ಕದ ಬಗ್ಗೆ ಒಂದೂವರೆ ಪುಟವಿದೆ. ಸೇವೆ ನಿಂತ ಮೇಲೆ ನಮ್ಮ ಮಾಹಿತಿಯನ್ನು ಅಳಿಸುವ ಬಗ್ಗೆ, ಕಂಪನಿಯು ಅದನ್ನು ಬೇರೆಯವರಿಗೆ ಕೊಡಬಾರದೆಂಬ ಬಗ್ಗೆ, ಸೋರಿಕೆಯಾದರೆ ಸಂಘಕ್ಕೆ ತಿಳಿಸುವ ಬಗ್ಗೆ ಒಂದು ವಾಕ್ಯವೂ ಇಲ್ಲ. ಇದು ಸಣ್ಣ ಲೋಪವಲ್ಲ. ಅಮೆರಿಕದ ಬ್ಲ್ಯಾಕ್‌ಬಾಡ್ ಎಂಬ ಕಂಪನಿಯು ದತ್ತಿ ಸಂಸ್ಥೆಗಳು, ವಿಶ್ವವಿದ್ಯಾಲಯಗಳು ಮೊದಲಾದವುಗಳ ಪರವಾಗಿ ದಾನಿಗಳ ಮತ್ತು ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ನಿರ್ವಹಿಸುತ್ತಿತ್ತು. 2020ರಲ್ಲಿ ಅದರ ಮೇಲೆ, ಮಾಹಿತಿಯನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ನಡೆದು 13,000ಕ್ಕೂ ಹೆಚ್ಚು ಸಂಸ್ಥೆಗಳ ಮಾಹಿತಿ ಕಳ್ಳರ ಕೈಗೆ ಸಿಕ್ಕಿತು. ಸೇವೆಯನ್ನು ಬಿಟ್ಟುಹೋಗಿದ್ದ ಗ್ರಾಹಕ ಸಂಸ್ಥೆಗಳ ಮಾಹಿತಿಯನ್ನೂ ಆ ಕಂಪನಿ ವರ್ಷಗಟ್ಟಲೆ ಅಳಿಸದೆ ಇಟ್ಟುಕೊಂಡಿತ್ತೆಂದು ಅಲ್ಲಿನ ಗ್ರಾಹಕ ಹಿತರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆಪಾದಿಸಿತು. ನಮ್ಮ ಒಪ್ಪಂದದಲ್ಲಿ ಬಿಟ್ಟುಹೋಗಿರುವುದು ಅದೇ ವಾಕ್ಯ.

ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಸಂಘದ ಸದಸ್ಯರೇ ಅಲ್ಲದವರ ವಿಷಯದಲ್ಲಿ. ಮನೆಗೆಲಸದವರು, ಚಾಲಕರು, ಅಡುಗೆಯವರು ಗೇಟಿನಲ್ಲಿ ಫೋಟೊ ತೆಗೆಸಿಕೊಂಡು, ಆಧಾರ್ ಕಾರ್ಡನ್ನು ಕಾವಲುಗಾರರ ಫೋನಿಗೆ ತೋರಿಸಿದರೆ ಮಾತ್ರ ಒಳಗೆ ಬಿಡುತ್ತಾರೆ. ಅವರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಯಾವ ಯಾವ ಮನೆಯಲ್ಲಿ ಕೆಲಸ ಮಾಡುತ್ತಾರೆ ಎಂಬುದು ಎಲ್ಲ ಮನೆಯವರಿಗೂ ಕಾಣುತ್ತದೆ. ಅವರಿಗೆ ನಕ್ಷತ್ರಗಳ ಅಂಕವನ್ನೂ ಕೊಡಬಹುದು. ಆ ಅಂಕ ಅವರಿಗೆ ಕಾಣುವುದಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವವರು ಒಂದು ದಿನ, “ಸಾರ್, ಹೋದ ವರ್ಷ ಬಿಟ್ಟ ಮನೆಯವರಿಗೂ ನನ್ನ ಫೋಟೊ ಇನ್ನೂ ಕಾಣ್ತದಾ?” ಎಂದು ಕೇಳಿದರು. ಕಾಣುತ್ತಿತ್ತು. ಅವರ ಆಧಾರ್‌ನ ಹನ್ನೆರಡು ಅಂಕಿಗಳೂ ದಾಖಲಾಗಿದ್ದವು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಆಧಾರ್ ನೀಡುವ ಪ್ರಾಧಿಕಾರವೇ ಒದಗಿಸುತ್ತದೆ. ಅದನ್ನು ಕೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೊಸ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಪಟ್ಟಿ ಮಾಡಿರುವ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡ ಬಲ್ಲ ಇವರಿಗೆ ಕನ್ನಡದಲ್ಲಿ, ಅಸ್ಸಾಮಿನಿಂದ ಬಂದ ಕಾವಲುಗಾರರಿಗೆ ಅಸ್ಸಾಮಿಯಲ್ಲಿ ಆ ಸೂಚನೆ ಸಿಗಬೇಕು. ನಮ್ಮ ಗೇಟಿನಲ್ಲಿ ಯಾವ ಭಾಷೆಯಲ್ಲೂ ಇರಲಿಲ್ಲ.

ಅಂಕ ಕೊಡುವುದಾದರೆ ಗೇಟಿನ ಅನುಕೂಲಕ್ಕೆ ಐದಕ್ಕೆ ನಾಲ್ಕು, ಮಾಹಿತಿಯ ನಿರ್ವಹಣೆಗೆ ಐದಕ್ಕೆ ಒಂದು. ಆ ಒಂದು ಅಂಕವೂ ಕಂಪನಿಯವರು ಬೇಗ ಉತ್ತರಿಸಿದ್ದಕ್ಕೆ. ಆ್ಯಪ್ ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ಒಪ್ಪಂದದ ನವೀಕರಣ ಹತ್ತಿರ ಬಂದಿದೆ. ಗೇಟಿಗೆ ಬೇಕಾದಷ್ಟು ವಿವರ ಮಾತ್ರ ಕೊಡುವುದು, ಕೆಲಸ ಬಿಟ್ಟವರ ಮತ್ತು ಮನೆ ಬಿಟ್ಟವರ ಮಾಹಿತಿಯನ್ನು ಮೂವತ್ತು ದಿನಗಳೊಳಗೆ ಅಳಿಸುವುದು, ಪಟ್ಟಿಯ ಪ್ರತಿ ಯಾರ ಬಳಿ ಇದೆಯೆಂದು ಸಂಘದ ಸೂಚನಾ ಫಲಕದಲ್ಲಿ ಹಾಕುವುದು, ಇಷ್ಟನ್ನು ಕರಡಿನಲ್ಲಿ ಸೇರಿಸಬೇಕೆಂದು ಸದಸ್ಯರು ಸಹಿ ಮಾಡಿದ ಪತ್ರವನ್ನು ಕಾರ್ಯದರ್ಶಿಯವರಿಗೆ ಕೊಟ್ಟಿದ್ದೇವೆ. ಅದರ ಕೆಳಗೆ ಎಂಟು ಮಂದಿ ಮನೆಗೆಲಸದವರ ಸಹಿಗಳೂ ಇವೆ.