ಹಳೇ ರೈಲು ಹಾದಿನಾ, ಕೆಂಪು ಬಂಡೆ ರಸ್ತೆನಾ? ಮೆಡಿಟರೇನಿಯನ್ ದಡದಲ್ಲಿ ಒಂದಿನದ ಸೈಕಲ್ ಸವಾರಿ

ನಾವು ಫ್ರಾನ್ಸಿನ ಆಂಟೀಬಿಗೆ ಬಂದು ಮೂರು ವರ್ಷ ಆಯ್ತು, ಇಲ್ಲಿಗೆ ಹೊಸದಾಗಿ ಬರೋ ನಮ್ ಕಡೆಯವರೆಲ್ಲ ಕೇಳೋದು ಒಂದೇ, ಒಂದಿನ ಪೂರ್ತಿ ಸಮುದ್ರದ ಪಕ್ಕದಲ್ಲೇ ಸೈಕಲ್ ಹೊಡೀಬೇಕು ಎಲ್ಲಿಗೆ ಹೋಗೋಣ ಅಂತ. ನಾನು ಹೇಳೋದು ಎರಡೇ ದಾರಿ. ಪಶ್ಚಿಮಕ್ಕೆ ಹೋದ್ರೆ ಸ್ಯಾಂ ರಫಾಯೆಲ್‌ನಿಂದ ಕಾನ್‌ವರೆಗೆ, ಅದೇ ಫಿಲ್ಮ್ ಫೆಸ್ಟಿವಲ್ ನಡೆಯೋ ಕಾನ್, ಕಾರ್ನಿಶ್ ದೋರ್ ರಸ್ತೆ. ಪೂರ್ವಕ್ಕೆ ಹೋದ್ರೆ ಗಡಿ ದಾಟಿ ಇಟಲಿಯಲ್ಲಿ ಒಸ್ಪೆದಲೆತ್ತಿಯಿಂದ ಸಾನ್‌ರೆಮೊ ಮೇಲೆ ಸಾನ್ ಲೊರೆಂಝೊವರೆಗೆ 24 ಕಿಮೀ ಸೈಕಲ್ ಹಾದಿ. ಏಪ್ರಿಲ್ಲಲ್ಲಿ ಮೊದಲನೇದು, ಮೇ ತಿಂಗಳಲ್ಲಿ ಎರಡನೇದು ಮಾಡಿದ್ವಿ, ನಾನು ನನ್ ಹೆಂಡ್ತಿ ಇಬ್ರೇ, ಅದೇ ಸೈಕಲ್ಲು, ಅದೇ ಎರಡು ಬ್ಯಾಗು.

ಇಟಲಿ ಹಾದಿ ವಿಷಯ ಮೊದಲು. ಅದು ಒಂದು ಕಾಲದಲ್ಲಿ ರೈಲು ಹಳಿ. ದಡದ ಅಂಚಲ್ಲಿ ಸಿಂಗಲ್ ಲೈನ್ ಇತ್ತು, 2001ರಲ್ಲಿ ಅದನ್ನ ಬಿಟ್ಟು ಒಳಗಡೆ ಬೆಟ್ಟ ಕೊರೆದು ಡಬಲ್ ಲೈನ್ ಮಾಡಿದ್ರು, ಹಳೇ ಹಳಿ ಕಿತ್ತಾಕಿ ಆ ಜಾಗದಲ್ಲಿ ಸೈಕಲ್ಲಿಗೆ ನಡೆಯೋರಿಗೆ ದಾರಿ ಹಾಕಿದಾರೆ. ರೈಲಿಗೆ ಏರು ಹತ್ತೋಕಾಗಲ್ಲ ಅಲ್ವಾ, ಹಂಗಾಗಿ ಇಡೀ ದಾರಿ ಚಪ್ಪಟೆ, ಗೇರ್ ಮುಟ್ಟೋ ಕೆಲಸಾನೇ ಇಲ್ಲ. ಒಂದು ಕಾರೂ ಇಲ್ಲ, ಬಲಗಡೆ ನೀಲಿ ಸಮುದ್ರ, ನೀವು ಎಷ್ಟೊತ್ತು ಬೇಕಾದ್ರೂ ಅದನ್ನೇ ನೋಡ್ಕೊಂಡು ತುಳೀಬಹುದು. ನನಗೆ ಅದೇ ದೊಡ್ಡ ವಿಷಯ ಅನ್ಸಿದ್ದು.

ಕಾರ್ನಿಶ್ ದೋರಲ್ಲಿ ಆ ಪುಣ್ಯ ಇಲ್ಲ. ಅದು 1903ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಮುಂದೆ ನಿಂತು ಮಾಡಿಸಿದ ರಸ್ತೆ, ಸುಮಾರು 40 ಕಿಮೀ, ಎಸ್ತೆರೆಲ್ ಬೆಟ್ಟ ಸಮುದ್ರಕ್ಕೆ ಇಳಿಯೋ ಜಾಗದಲ್ಲಿ ಬಂಡೆಯ ಒಂದೊಂದು ಮಡಿಕೆನೂ ಸುತ್ತಿ ಸುತ್ತಿ ಹೋಗುತ್ತೆ, ಏರೋದು ಇಳಿಯೋದು ತಿರುಗೋದು, ಮತ್ತೆ ಏರೋದು. ಉದ್ದ ಏರು ಒಂದೂ ಇಲ್ಲ, ಆದ್ರೆ ಸಣ್ಣ ಸಣ್ಣದು ಎಷ್ಟಿವೆ ಅಂದ್ರೆ ಲ ತ್ರಾಯಾ ಬರೋಷ್ಟರಲ್ಲಿ ಹೆಂಡ್ತಿ "ರೀ, ಇನ್ನೊಂದು ತಿರುವು ಅಂತ ಹೇಳ್ಬೇಡಿ, ನಾನು ಇಲ್ಲೇ ಕೂತ್ಕೋತೀನಿ" ಅಂದ್ಲು. ಕಾರು ಬೈಕು ಕ್ಯಾಂಪರ್ ವ್ಯಾನು ಪಕ್ಕದಲ್ಲೇ ಹೋಗ್ತಿರುತ್ತೆ. ಊರ ಹೊರಗೆ ಸೈಕಲ್ ಓವರ್‌ಟೇಕ್ ಮಾಡೋವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಇಲ್ಲಿ ಕಾನೂನಿದೆ, ಹೆಚ್ಚಿನವರು ಬಿಡ್ತಾರೆ, ಆದ್ರೂ ಕಣ್ಣು ಸಮುದ್ರದ ಮೇಲಲ್ಲ, ರಸ್ತೆ ಮೇಲೇ ಇರಬೇಕು.

ಆದ್ರೆ ಆ ಬಂಡೆ! ಜ್ವಾಲಾಮುಖಿಯಿಂದ ಆದ ಕಲ್ಲಂತೆ, ನಮ್ ಕುಂದಾಪುರದ ಮುರಕಲ್ಲಿನ ಕೆಂಪೇ ಕೆಂಪು, ನಾನು ಸೈಕಲ್ ನಿಲ್ಸಿ ಕೈ ಇಟ್ಟು ನೋಡ್ದೆ. ಮುರಕಲ್ಲು ತೂತು ತೂತಾಗಿರುತ್ತೆ, ಇದು ಗಟ್ಟಿ, ಚೂಪು, ಮಧ್ಯಾಹ್ನದ ಬಿಸಿಲಿಗೆ ದೋಸೆ ಕಾವಲಿ ಥರ ಕಾದಿತ್ತು. ಅದರ ಕೆಳಗೆ ನೀರು ಹಸಿರು, ಆಚೆ ಕಡುನೀಲಿ. ಈ ಮೂರು ಬಣ್ಣ ಒಟ್ಟಿಗೆ ಇಟಲಿ ಕಡೆ ಸಿಗಲ್ಲ. ಸ್ವಲ್ಪ ಹಿಂದೆ ದ್ರಾಮೊನಲ್ಲೂ ನಿಂತಿದ್ವಿ. 1944ರ ಆಗಸ್ಟ್ 15ಕ್ಕೆ ಅಮೆರಿಕದ ಸೈನ್ಯ ಇಳಿದ ಬೀಚ್ ಅದು, ಎದುರಿಗೆ ಒಂದು ಪುಟ್ಟ ದ್ವೀಪ, ಅದರ ಮೇಲೆ ಒಂದು ಕಲ್ಲಿನ ಗೋಪುರ. ಬಾಟ್ಲಿ ನೀರು ಖಾಲಿಯಾಗೋವರೆಗೂ ಅಲ್ಲೇ ಕೂತಿದ್ವಿ.

ಪಂಕ್ಚರ್ ಆಗಿದ್ದೂ ಇದೇ ರಸ್ತೇಲಿ, ಆಂತೆಯೋರ್ ಹತ್ರ. ಪಕ್ಕಕ್ಕೆ ನಿಲ್ಸೋಕೆ ಜಾಗ ಇಲ್ಲ, ರೈಲಿನ ಕಮಾನು ಸೇತುವೆ ಕೆಳಗೆ ಬೀಚ್ ಇದೆಯಲ್ಲ ಅಲ್ಲೀವರೆಗೆ ತಳ್ಕೊಂಡು ಹೋಗಿ ಟ್ಯೂಬ್ ಬದಲಾಯಿಸಿದ್ವಿ, ಮುಕ್ಕಾಲು ಗಂಟೆ ಹೋಯ್ತು. ಸ್ಪೇರ್ ಟ್ಯೂಬು, ನಿಮ್ ವಾಲ್ವಿಗೆ ಹೊಂದೋ ಪಂಪು ಇಲ್ದೆ ಈ ರಸ್ತೆಗೆ ಹೋಗ್ಲೇಬೇಡಿ. ಇಟಲಿ ಹಾದೀಲಿ ಈ ಭಯ ಕಮ್ಮಿ, ಬಾಡಿಗೆ ಸೈಕಲ್ ಅಂಗಡಿಗಳು ದಾರಿ ಉದ್ದಕ್ಕೂ ಇವೆ. ಅಲ್ಲಿ ತೊಂದ್ರೆ ಬೇರೆ ಥರ, ಭಾನುವಾರ ಆದ್ರೆ ಮಕ್ಕಳು, ಸ್ಟ್ರಾಲರ್, ನಾಯಿ, ನಾಲ್ಕು ಜನ ಕೂತು ತುಳಿಯೋ ಗಾಡಿ ಎಲ್ಲಾ ಸೇರಿ ಜಾತ್ರೆ, ಹತ್ತು ಕಿಮೀ ಸ್ಪೀಡಲ್ಲಿ ಬೆಲ್ ಹೊಡ್ಕೊಂಡು ಹೋಗ್ಬೇಕು. ಆದಷ್ಟೂ ವಾರದ ದಿನ ಹೋಗಿ.

ಇನ್ನೊಂದು, ರೈಲು ಹಾದಿ ಅಂದ್ಮೇಲೆ ಸುರಂಗ ಇದ್ದೇ ಇರುತ್ತೆ. ಒಸ್ಪೆದಲೆತ್ತಿ ಬಿಟ್ಟ ಕೂಡ್ಲೇ ಬರೋ ಕಾಪೊ ನೆರೊ ಸುರಂಗ ಒಂದೂವರೆ ಕಿಮೀಗಿಂತ ಜಾಸ್ತಿ, ಒಳಗೆ ಲೈಟಿದೆ, ಆದ್ರೆ ಬೆವರಿದ ಬೆನ್ನಿಗೆ ಆ ತಂಪು ಹೊಡೆದಾಗ ಮೈ ಜುಂ ಅಂತು.

ಸೈಕಲ್ ರೇಸ್ ಹುಚ್ಚಿರೋರಿಗೆ ಮಾತ್ರ ಇಟಲಿ ಕಡೆ ಒಂದು ದೊಡ್ಡ ಆಸೆ ಇದೆ. 1907ರಿಂದ ನಡೀತಿರೋ ಮಿಲಾನ್-ಸಾನ್‌ರೆಮೊ ರೇಸಿನ ಕೊನೇ ಏರು ಪೊಜ್ಜೊ ಇಲ್ಲೇ ಇರೋದು, 3.7 ಕಿಮೀ, ಸರಾಸರಿ ಶೇಕಡಾ 4ಕ್ಕಿಂತ ಕಮ್ಮಿ. ಸಾನ್ ಲೊರೆಂಝೊ ಮುಟ್ಟಿ ವಾಪಸ್ ಬರುವಾಗ ನೀವು ರೇಸ್ ಬರೋ ದಿಕ್ಕಲ್ಲೇ ಬರ್ತಿರ್ತೀರಿ, ಹಾದಿ ಬಿಟ್ಟು ಮೇಲಕ್ಕೆ ತಿರುಗಿದ್ರೆ ಆಯ್ತು. ಹೆಂಡ್ತಿ ಕೆಳಗೆ ಐಸ್‌ಕ್ರೀಂ ತಿಂತಾ ಕೂತ್ಲು, ನಾನು ಹೂವು ಬೆಳೆಯೋ ಗಾಜಿನ ಮನೆಗಳ ಮಧ್ಯೆ ಹತ್ತಿ ಬಂದೆ. ಸುಮಾರು 300 ಕಿಮೀ ತುಳಿದು ಬಂದು ಅದನ್ನ ಆ ಸ್ಪೀಡಲ್ಲಿ ಹತ್ತುತಾರಲ್ಲ, ಅವರ ಮೇಲೆ ಗೌರವ ಇನ್ನೂ ಜಾಸ್ತಿ ಆಯ್ತು.

ಊಟದಲ್ಲಿ ಇಟಲಿಗೇ ನನ್ ವೋಟು. ಫರಿನಾತಾ ಅಂತ ಸಿಗುತ್ತೆ, ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಅಷ್ಟೇ, ದೊಡ್ಡ ತಟ್ಟೇಲಿ ಹುಯ್ದು ಒಲೇಲಿ ಬೇಯಿಸ್ತಾರೆ, ಅಂಚು ಗರಿ ಗರಿ, ನಡುವೆ ಮೆತ್ತಗೆ, ಮೇಲೆ ಕಾಳುಮೆಣಸಿನ ಪುಡಿ. ಸಾನ್‌ರೆಮೊದ ಸಾರ್ದೆನಾಯ್ರಾ ನೋಡೋಕೆ ಪಿಜ್ಜಾ ಥರ, ಆದ್ರೆ ಅದರಲ್ಲಿ ಮೀನಿರುತ್ತೆ, ಸಸ್ಯಾಹಾರಿಗಳು ಕೇಳಿ ತಗೊಳ್ಳಿ. ಕಾರ್ನಿಶ್‌ನಲ್ಲಿ ಆಗೇ ಅನ್ನೋ ಊರು ದಾಟಿದ್ಮೇಲೆ ತೆಉಲ್ ಊರಿನವರೆಗೆ ಊಟದ ಅಂಗಡಿ ಅಪರೂಪ, ನಾವು ಮನೆಯಿಂದ ಚಪಾತಿ ರೋಲ್ ಒಯ್ದಿದ್ದು ಒಳ್ಳೇದಾಯ್ತು.

ರೈಲಿನ ವಿಷಯದಲ್ಲಿ ಫ್ರಾನ್ಸ್ ಸುಲಭ, ಕಾರ್ನಿಶ್ ಉದ್ದಕ್ಕೂ ಸಣ್ಣ ಸ್ಟೇಷನ್‌ಗಳಿವೆ, ಸುಸ್ತಾದ್ರೆ ಅರ್ಧಕ್ಕೇ ಬಿಟ್ಟು ರೈಲು ಹತ್ತಬಹುದು, ಆದ್ರೆ ಟೈಮ್ ಮೊದ್ಲೇ ನೋಡ್ಕೊಳ್ಳಿ, ಎಲ್ಲಾ ರೈಲೂ ಅಲ್ಲಿ ನಿಲ್ಲಲ್ಲ. ಇಟಲಿಗೆ ವೆಂತಿಮಿಲ್ಯಾದಲ್ಲಿ ಇಳಿದು ಒಸ್ಪೆದಲೆತ್ತಿವರೆಗೆ ಹತ್ತು ಕಿಮೀ ಚಿಲ್ಲರೆ ಮಾಮೂಲಿ ರಸ್ತೇಲಿ ತುಳೀಬೇಕು, ಇಟಲಿ ರೈಲಲ್ಲಿ ಸೈಕಲ್ಲಿಗೆ ಬೇರೆ ಟಿಕೆಟ್ಟು. ವಾಪಸ್ ಬರೋವಾಗ ಗಡಿ ದಾಟಿದ್ ಕೂಡ್ಲೇ ಫ್ರೆಂಚ್ ಪೊಲೀಸರು ರೈಲೊಳಗೆ ಬಂದು ಚೆಕ್ ಮಾಡ್ತಾರೆ, ಪಾಸ್‌ಪೋರ್ಟು ರೆಸಿಡೆನ್ಸ್ ಕಾರ್ಡು ಕೈಯಲ್ಲೇ ಇರಲಿ.

ಎರಡೂ ಕಡೆ ಪಶ್ಚಿಮದಿಂದ ಪೂರ್ವಕ್ಕೇ ಹೋಗಿ. ಇಲ್ಲಿ ಗಾಡಿ ಓಡೋದು ಬಲಗಡೆ, ಹಂಗೆ ಹೋದ್ರೆ ಸಮುದ್ರ ನಿಮ್ ಪಕ್ಕಕ್ಕೇ ಬರುತ್ತೆ, ಕಾರ್ನಿಶ್‌ನಲ್ಲಿ ಮಿಸ್ತ್ರಾಲ್ ಗಾಳಿ ಎದ್ದಿದ್ರೂ ಬೆನ್ನ ಹಿಂದಿರುತ್ತೆ.

ನನಗೆ ಒಬ್ಬನಿಗೇ ಒಂದಿನ ಸಿಕ್ಕಿದ್ರೆ ಕಣ್ಮುಚ್ಕೊಂಡು ಕಾರ್ನಿಶ್ ದೋರ್, ಅದೂ ಬೆಳಿಗ್ಗೆ ಏಳಕ್ಕೆಲ್ಲ ಸ್ಯಾಂ ರಫಾಯೆಲ್ ಬಿಡಬೇಕು, ಕಾರುಗಳು ಏಳೋ ಮುಂಚೆ. ಅಕ್ಟೋಬರಲ್ಲಿ ಊರಿಂದ ಅಪ್ಪ ಬರ್ತಿದಾರೆ, ಅರವತ್ತಾರು ವಯಸ್ಸು, ಈಗ್ಲೂ ಪೇಟೆಗೆ ಸೈಕಲ್ಲಲ್ಲೇ ಹೋಗೋರು, ಅವರನ್ನ ಮಾತ್ರ ಇಟಲಿಗೇ ಕರ್ಕೊಂಡು ಹೋಗೋದು. ಸುರಂಗದಲ್ಲಿ ಚಳಿ ಆಗುತ್ತೆ, ಒಂದು ಸ್ವೆಟರ್ ತನ್ನಿ ಅಂತ ಮೊನ್ನೆ ಫೋನಲ್ಲೇ ಹೇಳಿದೀನಿ.