ಎಂಟಡಿ ಸಿ-ಬ್ಯಾಂಡ್ ಡಿಶ್: ಅರ್ಧ ಚಾನೆಲ್ ಮಾಯವಾದರೆ ಎಲ್ಲಿ ನೋಡಬೇಕು?

ಬದಿಯಡ್ಕ ಕಡೆಯ ನಮ್ಮ ಮನೆಯ ತಾರಸಿಯಲ್ಲಿ ಎಂಟಡಿಯ ಜಾಲರಿ ಡಿಶ್ ಇದೆ. ತೊಂಬತ್ತರ ದಶಕದಲ್ಲಿ ಅಪ್ಪ ಹಾಕಿಸಿದ್ದು. ಡಿಶ್ ಮಾತ್ರ ಅದೇ; ಎಲ್‌ಎನ್‌ಬಿ (ಡಿಶ್‌ನ ಎದುರು ಕೂತು ಸಿಗ್ನಲ್ ಹಿಡಿದು ಕೇಬಲ್‌ಗೆ ಕೊಡುವ ಭಾಗ), ಕೇಬಲ್, ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸ್ ಎಲ್ಲ ಕಾಲಕಾಲಕ್ಕೆ ಬದಲಾಗಿವೆ. ಇಷ್ಟು ವರ್ಷ ಬಳಸಿದ ಮೇಲೆ ಡಿಶ್‌ಗೆ ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತೇನೆ. ಅದರ ಪೋಲಾರಿಟಿ ವ್ಯವಸ್ಥೆಗೆ, ಅಂದರೆ ನೆಟ್ಟಗಿನ ಅಲೆ, ಅಡ್ಡ ಅಲೆ ಆರಿಸುವ ಏರ್ಪಾಡಿಗೆ, ಐದು ಕೊಟ್ಟರೆ ಅದೇ ಜಾಸ್ತಿ. ತಲೆನೋವು ಬಂದದ್ದೆಲ್ಲ ಅಲ್ಲಿಂದಲೇ.

ಒಂಬತ್ತು ಯಾಕೆ ಅಂದರೆ, ಮಳೆ. ಜೂನ್-ಜುಲೈಯಲ್ಲಿ ನಮ್ಮ ಕಡೆ ಮಳೆ ಹೇಗೆ ಹೊಡೆಯುತ್ತದೆ ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಸಣ್ಣ ಡಿಶ್‌ಗಳು ಕೆಲಸ ಮಾಡುವುದು ಕೆಯು-ಬ್ಯಾಂಡ್‌ನಲ್ಲಿ, ಅಂದರೆ 11 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಜೋರು ಮಳೆಗೆ ಆ ಸಿಗ್ನಲ್ ಬಿದ್ದುಹೋಗುತ್ತದೆ. ಸಿ-ಬ್ಯಾಂಡ್ 4 ಗಿಗಾಹರ್ಟ್ಸ್ ಹತ್ತಿರ ಇರುವುದರಿಂದ ಮಳೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಪಕ್ಕದ ಮನೆಯಲ್ಲಿ ಟಿವಿ ನೀಲಿಯಾದಾಗಲೂ ನಮ್ಮಲ್ಲಿ ಅಮ್ಮ ಆರಾಮವಾಗಿ ಚಂದನ ನೋಡುತ್ತಿರುತ್ತಾರೆ. ಅಲ್ಯೂಮಿನಿಯಂ ಜಾಲರಿಗೆ ಏನೂ ಆಗಿಲ್ಲ. ತುಕ್ಕು ಹಿಡಿದದ್ದು ಕಬ್ಬಿಣದ ಕಂಬ ಮತ್ತು ನಟ್ಟು-ಬೋಲ್ಟು. ಮಳೆಗಾಲಕ್ಕೆ ಮೊದಲು ಪೇಂಟ್, ಗ್ರೀಸ್ ಹಚ್ಚಿದರೆ ಆಯಿತು.

ಇನ್ನು ಪೋಲಾರಿಟಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಪಟ್ಟು ಚಾನೆಲ್ ಕಳಿಸಲು ಉಪಗ್ರಹ ಕೆಲವು ಅಲೆಗಳನ್ನು ನೆಟ್ಟಗೆ, ಕೆಲವನ್ನು ಅಡ್ಡಕ್ಕೆ ಬಿಡುತ್ತದೆ. ವರ್ಟಿಕಲ್, ಹೊರಿಜಾಂಟಲ್ ಅನ್ನುವುದು ಇದಕ್ಕೇ. ಯಾವುದನ್ನು ಹಿಡಿಯಬೇಕು ಅಂತ ಎಲ್‌ಎನ್‌ಬಿಗೆ ಬಾಕ್ಸ್ ಹೇಳಬೇಕು. ಶುರುವಿನಲ್ಲಿ ಇದಕ್ಕೊಂದು ಪುಟ್ಟ ಸರ್ವೋ ಮೋಟಾರ್ ಇತ್ತು. ಫೀಡ್‌ಹಾರ್ನ್ (ಎಲ್‌ಎನ್‌ಬಿಯ ಮುಂದೆ ಅಲೆ ಒಳಹೋಗುವ ಕೊಳವೆ) ಒಳಗಿನ ಕಡ್ಡಿಯನ್ನು ಅದು ತಿರುಗಿಸುತ್ತಿತ್ತು. ಅದಕ್ಕೆ ಮೂರು ವಯರ್: 5 ವೋಲ್ಟ್, ಅರ್ತ್, ಇನ್ನೊಂದು ಪಲ್ಸ್. ಪಲ್ಸ್‌ನ ಅಗಲ 0.8ರಿಂದ 2.2 ಮಿಲಿಸೆಕೆಂಡಿನ ನಡುವೆ ಬದಲಾದ ಹಾಗೆ ಕಡ್ಡಿಯ ಕೋನ ಬದಲಾಗುತ್ತಿತ್ತು. ಒಳ್ಳೆಯ ಉಪಾಯವೇ, ಆದರೆ ನಮ್ಮ ಹವೆಗೆ ಹೇಳಿದ್ದಲ್ಲ. ತೇವ ಹೋಗಿ ಕಡ್ಡಿ ಬಿಗಿದುಕೊಳ್ಳುತ್ತಿತ್ತು. ಮೇಲೆ ಮೋಟಾರ್ ಕಿರ್ ಕಿರ್ ಅನ್ನುವುದು ಕೇಳುತ್ತಿತ್ತು, ಟಿವಿಯಲ್ಲಿ ಮಾತ್ರ ಬರೀ ಚುಕ್ಕೆ. ಅಪ್ಪ ಏಣಿ ಹತ್ತಿ ಕೈಯಲ್ಲೇ ತಿರುಗಿಸಿ ಬರುತ್ತಿದ್ದರು. ಈಗಲೂ ಯಾರಲ್ಲಾದರೂ ಅದು ಇದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. ಕಿತ್ತು ಇಡಿ.

ಈಗಿನ ಎಲ್‌ಎನ್‌ಬಿಯಲ್ಲಿ ತಿರುಗುವುದು ಏನೂ ಇಲ್ಲ. ಒಳಗೆ ಎರಡು ಕಡ್ಡಿ, ಎರಡೂ ಅಲುಗಾಡದವು. ಕೇಬಲ್‌ನಲ್ಲಿ 13 ವೋಲ್ಟ್ ಬಂದರೆ ವರ್ಟಿಕಲ್, 18 ವೋಲ್ಟ್ ಬಂದರೆ ಹೊರಿಜಾಂಟಲ್. ಇಷ್ಟೇ. ಎರಡರ ಮಧ್ಯೆ ಎಲ್ಲೋ ಒಂದು ಗೆರೆ ಇರುತ್ತದೆ. ವೋಲ್ಟೇಜ್ ಅದರ ಕೆಳಗಿದ್ದರೆ ಎಲ್‌ಎನ್‌ಬಿ ವರ್ಟಿಕಲ್‌ನಲ್ಲೇ ಕೂತಿರುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಅದೇ. ಒಂದು ದಿನ ಇದ್ದಕ್ಕಿದ್ದಂತೆ ಅರ್ಧ ಚಾನೆಲ್ ನೋ ಸಿಗ್ನಲ್. ಉಳಿದರ್ಧ ಕನ್ನಡಿಯಷ್ಟು ಸ್ವಚ್ಛ. ಹೋದ ಚಾನೆಲ್‌ಗಳನ್ನು ಸೆಟ್ಟಿಂಗ್‌ನಲ್ಲಿ ನೋಡಿದರೆ ಎಲ್ಲದರ ಮುಂದೆ ಎಚ್, ಅಂದರೆ ಹೊರಿಜಾಂಟಲ್, ಅಂತಲೇ ಇತ್ತು. ಡಿಶ್ ಅಲುಗಾಡಿದ್ದರೆ ಎರಡೂ ಪೋಲಾರಿಟಿಗೆ ಪೆಟ್ಟು ಬೀಳಬೇಕಿತ್ತು, ಅಲ್ವಾ? ಅಂಗಡಿಯಿಂದ ಬಂದ ಹುಡುಗ ಮೇಲೆ ನೋಡಿದ ಕೂಡಲೇ ಹೇಳಿದ: "ಎಲ್‌ಎನ್‌ಬಿ ಹೋಯ್ತು ಅಣ್ಣ, ಹೊಸದು ಹಾಕುವ." ಹಾಕಿದ. ಎಚ್ ಚಾನೆಲ್ ಒಂದೂ ಬರಲಿಲ್ಲ. "ಹಾಗಾದ್ರೆ ಕೇಬಲ್" ಅಂದ. ಅವನನ್ನು ಚಹಾ ಕುಡಿಸಿ ಕಳಿಸಿದೆ.

ಆಮೇಲೆ ನಾನೇ ಮಲ್ಟಿಮೀಟರ್ ತೆಗೆದೆ. ಬಾಕ್ಸ್‌ನ ಹಿಂದೆ ಕೇಬಲ್ ಬಿಚ್ಚಿ ಅಳೆದರೆ ಎಚ್ ಚಾನೆಲ್‌ಗೆ 18 ಸರಿಯಾಗಿಯೇ ತೋರಿಸುತ್ತಿತ್ತು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಎಲ್‌ಎನ್‌ಬಿ ಕರೆಂಟ್ ಎಳೆಯುತ್ತಿರುವಾಗಲೇ ಅಳೆಯಬೇಕು, ಇಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ನಡುವೆ ಒಂದು ಟಿ ಕನೆಕ್ಟರ್ ಹಾಕಿ, ಎಲ್‌ಎನ್‌ಬಿ ಜೋಡಿಸಿಯೇ ಮೀಟರ್ ಹಿಡಿದೆ. 18 ಇದ್ದದ್ದು 14ರ ಹತ್ತಿರ ಇಳಿದು ನಡುಗುತ್ತಿತ್ತು. ತಪ್ಪು ಬಾಕ್ಸ್‌ನದ್ದು. ಮುಚ್ಚಳ ತೆಗೆದರೆ ಪವರ್ ಸಪ್ಲೈ ಪಕ್ಕದ ಒಂದು ಕೆಪಾಸಿಟರ್ ತಲೆ ಉಬ್ಬಿಸಿಕೊಂಡು ಕೂತಿತ್ತು. ರೇಡಿಯೋ ರಿಪೇರಿ ಅಂಗಡಿಯಲ್ಲಿ ಅದನ್ನು ಬದಲಾಯಿಸಿಕೊಟ್ಟರು. ಹೊಸ ಎಲ್‌ಎನ್‌ಬಿಯ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಒಂದು ಎಚ್ಚರಿಕೆ: ಬಾಕ್ಸ್‌ನ ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ಶಾಕ್ ಕೊಡಬಲ್ಲದು. ಗೊತ್ತಿಲ್ಲದವರು ಮುಚ್ಚಳ ತೆಗೆಯಲು ಹೋಗಬೇಡಿ.

ಕೇಬಲ್‌ನದ್ದೂ ಪಾಲು ಇರುತ್ತದೆ. ಅಗ್ಗದ ಆರ್‌ಜಿ-6 ಕೇಬಲ್‌ನ ಒಳ ತಂತಿ ಪೂರ್ತಿ ತಾಮ್ರವಲ್ಲ, ಉಕ್ಕಿನ ಮೇಲೆ ತಾಮ್ರದ ಲೇಪ. ದೂರ ಎಳೆದಷ್ಟೂ ವೋಲ್ಟೇಜ್ ಕುಸಿಯುತ್ತದೆ. ಬಾಕ್ಸ್ ಗಟ್ಟಿ ಇರುವಾಗ ಅದು ಗೊತ್ತಾಗುವುದಿಲ್ಲ, ಬಾಕ್ಸ್ ಸೊರಗಿದಾಗ ಗೊತ್ತಾಗುತ್ತದೆ. ಕನೆಕ್ಟರ್ ಒಳಗೆ ಹಸಿರು ಕಿಲುಬು ಕಂಡರೆ ತುದಿ ಕತ್ತರಿಸಿ ಹೊಸತು ಹಾಕಿ, ಮೇಲೆ ರಬ್ಬರ್ ಟೇಪ್ ಸುತ್ತಿ.

ಇದರ ಉಲ್ಟಾ ಕೇಸ್ ಕೂಡ ಇದೆ, ಸ್ವಲ್ಪ ತಮಾಷೆಯದ್ದು. ಎಚ್ ಸರಿ, ವಿ ಮಾತ್ರ ಬರುವುದಿಲ್ಲ, ಅದೂ ಆಗೊಮ್ಮೆ ಈಗೊಮ್ಮೆ. ಒಂದೇ ಕೇಬಲನ್ನು ಎರಡಾಗಿ ಒಡೆಯುವ ಸ್ಪ್ಲಿಟರ್ ಹಾಕಿ ಅಣ್ಣನ ಕೋಣೆಗೂ ಎರಡನೇ ಬಾಕ್ಸ್ ಕೊಟ್ಟಿದ್ದೆವು. ಅಲ್ಲಿ ಎಚ್ ಚಾನೆಲ್ ಹಾಕಿದರೆ 18 ವೋಲ್ಟ್ ಮೇಲೆ ಹೋಗುತ್ತದೆ, ನಮ್ಮ 13 ಅದರ ಎದುರು ನಿಲ್ಲುವುದಿಲ್ಲ. ಅತ್ತಿಗೆ ಧಾರಾವಾಹಿ ಮುಗಿಸುವ ತನಕ ಅಮ್ಮನಿಗೆ ವಾರ್ತೆ ಇಲ್ಲ. ಮನೆಯಲ್ಲಿ ಸುಮ್ನೆ ಮನಸ್ತಾಪ. ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ತಂದು ಇಬ್ಬರಿಗೂ ಬೇರೆ ಬೇರೆ ಕೇಬಲ್ ಎಳೆದ ಮೇಲೆ ಸರಿಯಾಯಿತು.

ಎಚ್, ವಿ ಎರಡರಲ್ಲೂ ಸಿಗ್ನಲ್ ಕ್ವಾಲಿಟಿ ಕಮ್ಮಿ ಇದ್ದು, ಡಿಶ್ ದಿಕ್ಕು ಸರಿ ಇದ್ದರೆ, ಎಲ್‌ಎನ್‌ಬಿಯನ್ನು ಹೋಲ್ಡರ್‌ನಲ್ಲೇ ತಿರುಗಿಸಿ ನೋಡಿ. ಉತ್ತರದವರ ವಿಡಿಯೋ ನೋಡಿ ಕೋನ ಇಡಬೇಡಿ. ದೂರದರ್ಶನದ ಚಾನೆಲ್‌ಗಳಿರುವ 93.5 ಡಿಗ್ರಿ ಪೂರ್ವದ ಉಪಗ್ರಹಕ್ಕೆ ದೆಹಲಿಯಲ್ಲಿ ಎಲ್‌ಎನ್‌ಬಿ ಸುಮಾರು 27 ಡಿಗ್ರಿ ವಾಲಿದರೆ ಸಾಕು. ಭೂಮಧ್ಯರೇಖೆಗೆ ಹತ್ತಿರವಿರುವ ಕಾಸರಗೋಡಿನಲ್ಲಿ ಅದು 55 ಡಿಗ್ರಿಯ ಹತ್ತಿರ. ಡಿಶ್‌ನ ಬೆನ್ನಿಗೆ ನಿಂತು ಆಕಾಶ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ. ಅದೇ 66 ಡಿಗ್ರಿ ಪೂರ್ವದ ಇಂಟೆಲ್‌ಸ್ಯಾಟ್ 17 ಉಪಗ್ರಹಕ್ಕೆ ಆಚೆ ದಿಕ್ಕಿಗೆ ಸುಮಾರು 35. ಸರಿಯಾಗಿ 90 ಡಿಗ್ರಿ ತಪ್ಪಿಸಿ ಕೂರಿಸಿದರೆ ಚಾನೆಲ್ ಎಲ್ಲ ಸಿಗುತ್ತವೆ, ಆದರೆ ಎಚ್ ಇದ್ದದ್ದು ವಿ ಅಂತ ತೋರಿಸುತ್ತದೆ. ತಿರುಗಿಸುವಾಗ ಫೀಡ್‌ನ ಬಾಯಿ ಕೂಡ ನೋಡಿಕೊಳ್ಳಿ. ಪ್ಲಾಸ್ಟಿಕ್ ಮುಚ್ಚಳ ಒಡೆದಿದ್ದರೆ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ.

ಹೊಸದಾಗಿ ಎಂಟಡಿ ಹಾಕಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಚಂದನ ಮತ್ತು ಬಿಟ್ಟಿ ಚಾನೆಲ್ ಸಾಕು ಅನ್ನುವವರಿಗೆ ಡಿಡಿ ಫ್ರೀ ಡಿಶ್‌ನ ಸಣ್ಣ ಡಿಶ್ ಧಾರಾಳ. ಮಳೆಯಲ್ಲಿ ಸ್ವಲ್ಪ ಹೊತ್ತು ಹೋಗುತ್ತದೆ, ಅಷ್ಟೇ. ಆದರೆ ತಾರಸಿಯಲ್ಲಿ ಈಗಾಗಲೇ ಇದ್ದರೆ ಗುಜರಿಗೆ ಕೊಡಬೇಡಿ. ಎಲ್‌ಎನ್‌ಬಿ ಬದಲಾಯಿಸುವ ಪ್ರಸಂಗ ಬಂದರೆ ಮಾತ್ರ ಹೊಸ ಎಲ್‌ಎನ್‌ಬಿಯ ಮೇಲೆ ಅಂಟಿಸಿದ ಚೀಟಿ ಓದಿ ತಗೊಳ್ಳಿ. 2022ರ ಹರಾಜಿನ ನಂತರ 3.3ರಿಂದ 3.67 ಗಿಗಾಹರ್ಟ್ಸ್ 5ಜಿಗೆ ಹೋಗಿದೆ. 3.4ರಿಂದ ಹಿಡಿಯುವ ಹಳೇ ಎಲ್‌ಎನ್‌ಬಿ ಹತ್ತಿರದ ಟವರ್‌ನ ಸದ್ದಿಗೆ ಕಿವುಡಾಗುತ್ತದೆ, ಆಗ ಎಚ್, ವಿ ಎರಡೂ ಒಟ್ಟಿಗೆ ಬೀಳುತ್ತವೆ. ಫೀಡ್ ಮತ್ತು ಎಲ್‌ಎನ್‌ಬಿ ಒಂದೇ ತುಂಡಾಗಿರುವ ಮಾದರಿಯಲ್ಲಿ ನಡುವೆ ಫಿಲ್ಟರ್ ಹಾಕಲು ಜಾಗವೂ ಇಲ್ಲ. ಹಾಗಾಗಿ 3.7ರಿಂದ 4.2 ಅಂತ ಬರೆದಿರುವ, ಒಳಗೇ ಫಿಲ್ಟರ್ ಇರುವುದನ್ನೇ ಕೇಳಿ.